ಸಂಗಣ್ಣನ ಕಾರಿನ ಹಿಂದಿನ ಗಾಜು

ಜಿಲಾನಿ ಸೋಲಾಪುರದಿಂದ ತಂದಿದ್ದ ತಗಡಿನ ಟ್ರಂಕು ಇನ್ನೂ ಮಂಚದ ಕೆಳಗೇ ಇತ್ತು, ಕಟ್ಟಿದ ಹಗ್ಗವನ್ನು ಬಿಚ್ಚದೆ. ಅವನ ಹೆಂಡತಿ ಅಬೇದಾ ದಿನಾ ಕಸ ಗುಡಿಸುವಾಗ ಅದನ್ನು ಈಚೆ ಎಳೆದು ಮತ್ತೆ ಅಲ್ಲಿಗೇ ತಳ್ಳುತ್ತಿದ್ದಳು. ಬಿಚ್ಚಲೇ ಎಂದು ಕೇಳಲು ನಾಲಗೆ ಏಳುತ್ತಿರಲಿಲ್ಲ. ತಿಕೋಟಾದಿಂದ ಈ ಮನೆಗೆ ಸೊಸೆಯಾಗಿ ಬಂದು ಕೈಯ ಮೆಹಂದಿ ಉಗುರಿನ ತುದಿಗೆ ಸರಿದಿತ್ತು, ಅಷ್ಟೇ.

ಕಾರಿನ ಸೀಟು ಹೊಲಿಯಲು ಸೋಲಾಪುರದ ಸಾಹುಕಾರ ಮತ್ತೆ ಕರೆ ಕಳಿಸಿದ್ದ. ಜಿಲಾನಿ ಅವ್ವನ ಮುಂದೆ ಹೇಳಿದ್ದು ಒಂದೇ ಮಾತು: "ಸಂಗಣ್ಣನ ಗಾಡಿ ಛಲೋ ಆತಂದ್ರ ಇಲ್ಲೇ ವಿಜಾಪುರದಾಗ ದುಕಾನ. ಕೆಟ್ಟಿತಂದ್ರ ಸೋಮವಾರ ನಾ ಸೋಲಾಪುರಕ್ಕ." ಆ ಮಾತು ಒಳಗೆ ರೊಟ್ಟಿ ಬಡಿಯುತ್ತಿದ್ದ ಅಬೇದಾಳಿಗೂ ಕೇಳಿತ್ತು. ಅಂದು ಎರಡು ರೊಟ್ಟಿ ಹರಿದವು.

ಬಬಲೇಶ್ವರದ ಸಂಗಣ್ಣನದು ಬಿಳಿ ಅಂಬಾಸಡರ್. ಅವನ ತಾಯಿ ರುಕ್ಮವ್ವನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ಆಸ್ಪತ್ರೆಗೆ ಹೋಗಿ ಬರುವಾಗ ಬಿಸಿಲು ಬೀಳಬಾರದು ಎಂದು ಡಾಕ್ಟರ್ ಹೇಳಿದ್ದರಿಂದ ಸಂಗಣ್ಣ ಪರದೆ ಹಾಕಿಸಲು ಹೋದ. ಮುದುಕಿ ಒಪ್ಪಲಿಲ್ಲ. "ನಾ ಏನ ಹೆಣಾ ಏನೋ, ಮುಚಗೊಂಡು ಹೋಗಾಕ? ಹೊಲಾ ನೋಡಕೋತ ಹೋಗಬೇಕು ನಾ" ಎಂದಳು. ಬಿಸಿಲೂ ಬರಬಾರದು, ಹೊಲವೂ ಕಾಣಬೇಕು. ಅದಕ್ಕೇ ಜಿಲಾನಿ ಮುಂಬೈಯಿಂದ ಗಾಜಿಗೆ ಅಂಟಿಸುವ ಕಪ್ಪು ಹಾಳೆಯ ಸುರುಳಿ ತರಿಸಿದ್ದ. ಸೋಲಾಪುರದಲ್ಲಿ ಅಂಟಿಸುವುದನ್ನು ನೋಡಿದ್ದ, ತಾನೇ ಅಂಟಿಸಿರಲಿಲ್ಲ.

ಮೊದಲ ದಿನ ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಕಾರು ನಿಂತಿತು. ಜಿಲಾನಿ ಬಾಗಿಲಿನ ಗಾಜು ತೊಳೆದ, ಸೋಪಿನ ನೀರು ಚಿಮುಕಿಸಿದ, ಹಾಳೆಯ ಬೆನ್ನಿನ ತೆಳು ಪೊರೆ ಸುಲಿದು ಹಚ್ಚಿದ. ಸೈಕಲ್ ಟ್ಯೂಬ್ ಸುತ್ತಿದ ಕಟ್ಟಿಗೆ ಪಟ್ಟಿಯಿಂದ ನೀರು ತಳ್ಳಿದ. ನೀರು ಹೋದ ಮೇಲೆ ನೋಡಿದರೆ ಕಪ್ಪು ಹಾಳೆಯ ಒಳಗೆ ಸಾಸಿವೆ ಎರಚಿದಂತೆ ಗುಳ್ಳೆಗಳು.

"ರಸ್ತೆ ಧೂಳ ಅವ್ವಾ, ಈ ಟಾಂಗಾದವರು ಹಾಳ ಮಾಡಿದ್ರು" ಎಂದ ಜಿಲಾನಿ ಹಾಳೆ ಕಿತ್ತೊಗೆದ.

"ಧೂಳಲ್ಲ, ದೃಷ್ಟಿ" ಎಂದಳು ಅವನ ತಾಯಿ ಚಾಂದಬಿ. "ಓಣಿ ಮಂದಿ ಎಲ್ಲಾ ಕಣ್ಣ ಹಾಕ್ಯಾರ."

ಮರುದಿನ ಟಾಂಗಾಗಳು ಹೊರಡುವ ಮೊದಲೇ ಕೆಲಸ ಹಿಡಿದ. ನೆಲಕ್ಕೆ ನೀರು ಹೊಡೆದು, ಚಪ್ಪರದ ಸುತ್ತ ಒದ್ದೆ ಚಾದರ ಇಳಿಬಿಟ್ಟ. ಗಾಳಿ ಅಲ್ಲಾಡಲಿಲ್ಲ. ಆದರೂ ಗುಳ್ಳೆ ಮೊದಲಿನ ದುಪ್ಪಟ್ಟು ಎದ್ದವು. ಜಿಲಾನಿ ಅದನ್ನೂ ಕಿತ್ತೊಗೆದು ನೆಲದ ಮೇಲೆ ಕುಳಿತ. ಇನ್ನೊಮ್ಮೆ ಕೆಟ್ಟರೆ ಸುರುಳಿಯಲ್ಲಿ ಹಾಳೆ ಸಾಲುತ್ತಿರಲಿಲ್ಲ.

ಒಳಬಾಗಿಲ ಪರದೆಯ ಸಂದಿಯಿಂದ ಅಬೇದಾ ಎರಡೂ ದಿನ ನೋಡಿದ್ದಳು. ಗಂಡ ಒಳಗೆ ಹೋದ ಮೇಲೆ ಕಿತ್ತೊಗೆದ ಹಾಳೆಯನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದಳು. ರಸ್ತೆಯ ಧೂಳು ಅವಳಿಗೆ ಗೊತ್ತಿತ್ತು. ದಿನಾ ಗುಡಿಸುವವಳು ಅವಳೇ. ಅದು ಕೆಂಪು, ಬೆರಳಿಗೆ ಒರಟಾಗಿ ತಾಗುತ್ತದೆ. ಇದು ಬೂದುಬಣ್ಣ, ಒತ್ತಿದರೆ ಹಿಟ್ಟು. ಬೆರಳನ್ನು ಮೂಗಿಗೆ ಹಿಡಿದಳು.

ಲೋಬಾನ.

ಮಾವ ಬದುಕಿದ್ದ ಕಾಲದಿಂದಲೂ ಆ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ಲೋಬಾನದ ಹೊಗೆ ಹಾಕದೆ ಕೆಲಸ ಸುರುವಾಗುತ್ತಿರಲಿಲ್ಲ. ಮೊದಲ ದಿನ ಚಾಂದಬಿ ಕೆಂಡದ ಮೇಲೆ ಚಿಟಿಕೆ ಲೋಬಾನ ಹಾಕಿ ಕಾರಿನ ಸುತ್ತ ಒಂದು ಸುತ್ತು ಬಂದಿದ್ದಳು. ಕೆಲಸ ಕೆಟ್ಟಿತೆಂದು ಎರಡನೆಯ ದಿನ ಮುಷ್ಟಿ ತುಂಬ ಹಾಕಿ, ಬೀಸಣಿಗೆಯಿಂದ ಬೀಸಿ ಬೀಸಿ ಮೂರು ಸುತ್ತು ಬಂದಿದ್ದಳು. ಹಾರಿದ ಕೆಂಡದ ಬೂದಿ ಚಪ್ಪರದಲ್ಲೇ ತೇಲಿ, ನೀರು ಹಚ್ಚಿದ ಗಾಜಿನ ಮೇಲೆ ಕುಳಿತು ಗುಳ್ಳೆ ಎಬ್ಬಿಸಿತ್ತು. ನಾಳೆಗೆಂದು ಪೇಟೆಯಿಂದ ಇನ್ನೊಂದು ಪುಡಿಕೆಯನ್ನೂ ತರಿಸಿದ್ದಳು.

ಹೇಳುವುದು ಹೇಗೆ? ಹೊಸ ಸೊಸೆ ಬಂದು ಅತ್ತೆಯ ಲೋಬಾನದಿಂದ ಮಗನ ಕೆಲಸ ಕೆಟ್ಟಿತು ಅನ್ನುವುದೇ? ಅನ್ನದಿದ್ದರೆ ಸೋಮವಾರ ಟ್ರಂಕು ಏಳುತ್ತದೆ. ಸಂಜೆ ಚಾಂದಬಿ ಅಕ್ಕಿ ಆರಿಸುತ್ತಿದ್ದಾಗ ಅಬೇದಾ ಪಕ್ಕದಲ್ಲಿ ಕುಳಿತಳು.

"ಅತ್ತೀ, ನಮ್ಮ ತಿಕೋಟಾದಾಗ ಮದುಮಗಳಿಗೆ ಲೋಬಾನ ಹಾಕೂದು ಸಿಂಗಾರ ಆದಮ್ಯಾಲರಿ."

"ಎಲ್ಲಾ ಕಡೆ ಹಂಗ. ಸೀರಿ ಉಡೂಕಿಂತ ಮೊದಲ ಯಾರ ದೃಷ್ಟಿ ತಗೀತಾರ?"

"ಮತ್ತ... ಗಾಡಿಗೂ ಸಿಂಗಾರ ಆದಮ್ಯಾಲ..."

ಚಾಂದಬಿಯ ಕೈ ಮೊರದಲ್ಲಿ ನಿಂತಿತು. ಸೊಸೆಯ ಮುಖ ನೋಡಿದಳು, ಸೆರಗಿನ ಮರೆಯಲ್ಲಿದ್ದ ಹಾಳೆಯ ತುಂಡು ನೋಡಿದಳು. ಕೈ ಚಾಚಿ ಇಸಿದುಕೊಂಡು ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಯಾ ಅಲ್ಲಾ! ದೃಷ್ಟಿ ತಗ್ಯಾಕ ಹೋಗಿ ನಾನ ದೃಷ್ಟಿ ಆದ್ನೇನ ಬೇ?" ಎಂದವಳು ಅಕ್ಕಿ ಚೆಲ್ಲುವಂತೆ ನಕ್ಕಳು. ಆಮೇಲೆ ದನಿ ತಗ್ಗಿಸಿ, "ಜಿಲಾನಿಗೆ ಹೇಳಬ್ಯಾಡ. ಸಾಯೂತನಕಾ ಆಡಕೋತಾನ" ಎಂದಳು.

ಮೂರನೆಯ ದಿನ ಚಪ್ಪರದಲ್ಲಿ ಹೊಗೆ ಇಲ್ಲ. ಬಾಗಿಲಿನ ಗಾಜುಗಳು ಕನ್ನಡಿಯಂತೆ ಬಂದವು. ಜಿಲಾನಿ ಹಿಗ್ಗಿದ. ಆದರೆ ಹಿಂದಿನ ಗಾಜು ದೊಡ್ಡದು, ಬಾಗಿದ್ದು. ಒಬ್ಬನೇ ಹಚ್ಚಲು ಹೋದರೆ ಹಾಳೆ ಮಡಚಿಕೊಂಡಿತು.

"ಕೈ ಸಾಲವಲ್ಲವು ಅವ್ವಾ."

ಚಾಂದಬಿ ಬೀದಿಯ ಕಡೆಯ ಚಾದರಗಳನ್ನು ಬಿಗಿಯಾಗಿ ಎಳೆದು ಕಟ್ಟಿ ಒಳಗೆ ಕೂಗಿದಳು: "ಅಬೇದಾ, ಬಾ ಇಲ್ಲೆ. ಯಾರೂ ಕಾಣೂದಿಲ್ಲ."

ಅಬೇದಾ ಹಾಳೆಯ ಎರಡು ತುದಿ ಹಿಡಿದಳು, ಎದುರಿನ ಎರಡು ಜಿಲಾನಿ. ಒದ್ದೆ ಚಾದರ ಹಿಂಡಿ ಮಡಚುವಾಗ ಹಿಡಿದಂತೆಯೇ. ಬಹಳ ಎಳೆಯಬಾರದು, ಸಡಿಲವನ್ನೂ ಬಿಡಬಾರದು. ಹಾಳೆ ಗಾಜಿಗೆ ಕೂತ ಮೇಲೆ ಅವನು ನಡುವಿನಿಂದ ಅಂಚಿಗೆ ನೀರು ತಳ್ಳುತ್ತ ಬಂದ. ಮೂಲೆಯಲ್ಲಿ ಒಂದು ನೆರಿಗೆ ಎದ್ದಿತು. ಪಟ್ಟಿಯಿಂದ ಒತ್ತಲು ಹೋದವನ ಕೈ ಅವಳ ದನಿಗೆ ನಿಂತಿತು.

"ಒತ್ತಬ್ಯಾಡ್ರಿ! ಒತ್ತಿದ್ರ ಗೆರಿ ಕುಂದರತೈತಿ. ಎತ್ತಿ ಮತ್ತ ನೀರು ಹೊಡಿರಿ."

ಜಿಲಾನಿ ಕಣ್ಣರಳಿಸಿದ. ಹಗಲು ಹೊತ್ತಿನಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಎತ್ತಿದ, ನೀರು ಹೊಡೆದ. ನೆರಿಗೆ ಕರಗಿತು. ಕೆಳಗಿನ ಅಂಚಿನಲ್ಲಿ ಮಾತ್ರ, ಎಲ್ಲಿಂದ ಬಂತೋ, ಒಂದೇ ಒಂದು ಬೂದಿಯ ಕಣ ಉಳಿಯಿತು.

"ಇರಲಿ ಬಿಡು" ಎಂದಳು ಚಾಂದಬಿ, ಸೊಸೆಯ ಕಡೆ ನೋಡದೆ. "ದೃಷ್ಟಿಬೊಟ್ಟು ಅದು." ಎಲ್ಲ ಮುಗಿದ ಮೇಲೆ ಲೋಬಾನ ಹಾಕಿ ಮನಸ್ಸು ತಣಿಯುವಷ್ಟು ಸುತ್ತು ಬಂದಳು.

ಮಧ್ಯಾಹ್ನ ಸಂಗಣ್ಣ ತಾಯಿಯನ್ನು ಕರೆತಂದು ಹಿಂದಿನ ಸೀಟಿನಲ್ಲಿ ಕೂಡಿಸಿದ. ರುಕ್ಮವ್ವ ಕಣ್ಣಿನ ಹಸಿರು ಬಟ್ಟೆಯನ್ನು ಮೆಲ್ಲಗೆ ಎತ್ತಿದಳು.

"ಕಾಣತೈತೇನ ಯವ್ವಾ?"

"ಮೋಡ ಆದಂಗ ತಂಪ ಐತಿ. ಕಾಣಲಾರದೇನು? ಆ ಪರದೆ ಹಿಂದ ನಿಂತು ನಗಾಕತ್ತಾಳಲ್ಲ, ಆ ಹುಡುಗಿ ಯಾರ?"

ಅಬೇದಾ ಸರಕ್ಕನೆ ಒಳಗೆ ಸರಿದಳು. ಹೊರಗೆ ಎಲ್ಲರೂ ನಕ್ಕರು. ತಿಕೋಟಾದ ತನ್ನ ಬೀಗರ ಗಾಡಿಯನ್ನೂ ಬರುವ ವಾರ ಕಳಿಸುವುದಾಗಿ ಸಂಗಣ್ಣ ಹೇಳುತ್ತಿದ್ದುದು ಅವಳಿಗೆ ಅಲ್ಲಿಂದಲೇ ಕೇಳಿತು.

ಅವಳು ಮಂಚದ ಕೆಳಗಿನಿಂದ ಟ್ರಂಕು ಎಳೆದು ಹಗ್ಗ ಬಿಚ್ಚಿದಳು. ಯಾರನ್ನೂ ಕೇಳಲಿಲ್ಲ. ಹಿತ್ತಿಲಲ್ಲಿ ಬೇವಿನ ಮರದಿಂದ ಗೋಡೆಯ ಮೊಳೆಗೆ ಆ ಹಗ್ಗವನ್ನು ಬಿಗಿದು, ಗಾಜು ಒರೆಸಿದ ಬಟ್ಟೆಗಳನ್ನು ಒಗೆದು ಒಣಹಾಕಿದಳು. ಬರುವ ವಾರ ಅವು ಬೇಕಾಗಲಿದ್ದವು.