ಹನ್ನೊಂದನೆಯ ಪತ್ರ

ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ, ನನ್ನ ಅರ್ಜಿಯ ಮೂರನೇ ಹಾಳೆಯನ್ನು ಡೀನ್ ಎರಡೇ ಬೆರಳಲ್ಲಿ ಎತ್ತಿ ಹಿಡಿದರು. ವೈದ್ಯಕೀಯ ಕಾಲೇಜಿನ ಮೆದುಳು ಸಂಶೋಧನೆಯ ವಿಭಾಗಕ್ಕೆ ಪ್ರಾಧ್ಯಾಪಕರ ಆಯ್ಕೆಯ ಸಂದರ್ಶನ ನಡೆದಿತ್ತು. ಮೇಜಿನ ಆಚೆ ಐದು ಜನ, ಈಚೆ ನಾನೊಬ್ಬಳು.

“ಅಚ್ಚಾಗಿದ್ದ ನಿಮ್ಮ ಪ್ರಬಂಧಾನ ನೀವೇ ವಾಪಸ್ ತಗೊಂಡಿದ್ದೀರಲ್ಲಮ್ಮ?”

ಇದನ್ನು ಕೇಳೇ ಕೇಳುತ್ತಾರೆ ಅಂತ ಗೊತ್ತಿತ್ತು. “ಆ ವಿಷಯ ಬಂದ್ರೆ ಬಾಯಿಗೆ ಬೀಗ ಹಾಕ್ಕೊಂಡಿರು” ಅಂತ ಅಕ್ಕ ಬೆಳಿಗ್ಗೆಯೇ ಬುದ್ಧಿ ಹೇಳಿದ್ದಳು. ಬೀಗ ಹಾಕುವಂಥ ಬಾಯಿಯೇ ನನ್ನದು?

“ಹೌದು ಸಾರ್. ಎರಡು ಪಂಜರದ ಚೀಟಿ ಅದಲುಬದಲಾಗಿತ್ತು. ನೆನಪಿನ ಶಕ್ತಿ ಜಾಸ್ತಿಯಾಗಿದ್ದು ಔಷಧಿ ಕೊಟ್ಟ ಇಲಿಗಳಿಗಲ್ಲ, ಬರೀ ಉಪ್ಪುನೀರು ಕೊಟ್ಟ ಇಲಿಗಳಿಗೆ. ತಪ್ಪು ಕಂಡುಹಿಡಿದವಳೂ ನಾನೇ, ಊರಿಗೆಲ್ಲ ಹೇಳಿದವಳೂ ನಾನೇ.”

“ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿ ಹಾಕ್ಕೊಳ್ಳೋದು ಅಂದ್ರೆ ಇದೇ” ಅಂತ ಡೀನ್ ನಕ್ಕರು. ಅವರು ನಕ್ಕಿದ್ದಕ್ಕೆ ಉಳಿದ ನಾಲ್ವರೂ ನಕ್ಕರು. “ಇಂಥ ಕಪ್ಪು ಚುಕ್ಕೆ ನಮ್ಮ ವಿಭಾಗಕ್ಕೆ ಯಾಕಮ್ಮ?”

ನನಗೆ ಪಿತ್ತ ನೆತ್ತಿಗೇರಿತು.

“ಸಾರ್, ನನ್ನ ಆ ಫಲಿತಾಂಶ ನಂಬಿ ಸಂಶೋಧನೆ ಮಾಡಿದವರು ಹನ್ನೊಂದು ಜನ. ತಪ್ಪಾಗಿದೆ, ನೀವೂ ತಿದ್ದಿಕೊಳ್ಳಿ ಅಂತ ಒಬ್ಬೊಬ್ರಿಗೂ ಪತ್ರ ಬರೆದೆ. ಹತ್ತು ಜನ ತಿದ್ದಿಕೊಂಡ್ರು.”

ಡೀನ್ ಕೈಲಿದ್ದ ಹಾಳೆ ಮೆಲ್ಲಗೆ ಮೇಜಿಗಿಳಿಯಿತು.

“ನಿಮಗೆ ಮೂರು ಸಲ ಬರೆದೆ, ಉತ್ತರಾನೇ ಬರಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಅರ್ಜಿ ಹಾಕಿದೆ ಸಾರ್. ಸಂದರ್ಶನ ಅಂದ್ರೆ ನೀವು ನನ್ನ ಎದುರಿಗೆ ಕೂತಿರಲೇಬೇಕಲ್ಲ.”