ಕಿವಿ ಮುಟ್ಟಿದ ಕೈ

ನಾನು ಹಿಪ್ಪುನೇರಳೆ ಮರದ ಒಂದು ಹಾಕಿ ಕೋಲು. ಹುಟ್ಟಿದ್ದು ದೂರದ ಜಾಲಂಧರದಲ್ಲಿ. ಬಡಗಿ ನನ್ನ ಮೂತಿಯನ್ನು ಹಬೆಗೆ ಹಿಡಿದು ಬಗ್ಗಿಸಿದ ನೋವು ಇನ್ನೂ ಮರೆತಿಲ್ಲ. ನೆಟ್ಟಗಿದ್ದವನನ್ನು ಸೊಟ್ಟ ಮಾಡಿ, ಈಗ ಕೆಲಸಕ್ಕೆ ಬಂದೆ ಎಂದ, ಪುಣ್ಯಾತ್ಮ. ಅಲ್ಲಿಂದ ರೈಲು ಹತ್ತಿ ಗದಗಿಗೆ ಬಂದೆ.

ಆಗ ಅಲ್ಲಿ ಹಳಿಯ ಆಚೆಗೊಂದು ಕಾಲೇಜು, ಈಚೆಗೊಂದು. ವರ್ಷಕ್ಕೊಮ್ಮೆ ಇವೆರಡರ ನಡುವೆ ಹಾಕಿ ಪಂದ್ಯ, ಗೆದ್ದವರಿಗೊಂದು ಬೆಳ್ಳಿ ಕಪ್ಪು. ಅಂದು ಅಂಗಡಿಗಳು ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಿದ್ದವು. ಹಳಿಯಾಚೆಗೆ ಹೆಣ್ಣು ಕೊಟ್ಟವರು ಆ ವಾರ ಬೀಗರ ಮನೆಯಲ್ಲಿ ನೀರೂ ಕುಡಿಯುತ್ತಿರಲಿಲ್ಲ. ಈಚೆಯ ಕಾಲೇಜು ಕಪ್ಪಿನ ಮುಖ ನೋಡಿ ಬಹಳ ವರ್ಷವಾಗಿತ್ತು.

ನಾನು ಸೇರಿದ್ದು ಈಚೆಯ ಕಾಲೇಜಿನ ಬನಪ್ಪನ ಕೈ. ಬೆಟಗೇರಿಯ ನೇಕಾರರ ಹುಡುಗ. ಅವನ ಅವ್ವ ಮಗ್ಗದಲ್ಲಿ ಉಳಿದ ರೇಷ್ಮೆ ನೂಲಿನಿಂದ ನನ್ನ ಹಿಡಿಕೆ ಸುತ್ತಿದಳು. ನನ್ನ ಜಾತಿಯ ಮರದ ಎಲೆ ತಿಂದ ಹುಳುವಿನ ನೂಲು ಅದು. ನೆಂಟರ ಮನೆಗೇ ಬಂದೆ ಎಂದು ಹಿಗ್ಗಿದೆ. ಬನಪ್ಪನ ಕೈಗಳೋ, ಅಬ್ಬಾ, ಎಷ್ಟು ಉದ್ದ! ಬೇರೆಯವರು ಓಡಿ ಹಿಡಿಯಬೇಕಾದ ಚೆಂಡನ್ನು ಅವನು ನಿಂತಲ್ಲೇ ಕಸಿಯುತ್ತಿದ್ದ.

ಆ ವರ್ಷ ಗೆದ್ದೆವು. ಕೊನೆಯ ಗೋಲು ಬನಪ್ಪನದು, ನನ್ನದೂ ಅನ್ನಿ. ಪಂದ್ಯಕ್ಕೆ ಬಂದಿದ್ದ ರೈಲ್ವೆ ತಂಡದ ಸಾಹೇಬರು ಅವನ ಬೆನ್ನು ತಟ್ಟಿ, ಗೆದ್ದ ತಂಡದವನೊಬ್ಬನಿಗೆ ನಮ್ಮಲ್ಲಿ ನೌಕರಿ ಇದೆ, ಅದು ನಿನಗೇ ಎಂದರು. ಅವ್ವ ಮಗ್ಗ ನಿಲ್ಲಿಸಿ ಹೋಳಿಗೆ ಮಾಡಿದಳು.

ಮರುದಿನವೇ ಆಚೆಯವರು ತಕರಾರು ತೆಗೆದರು. ಇಪ್ಪತ್ತೆರಡು ದಾಟಿದವರು ಆಡುವಂತಿಲ್ಲ ಎಂಬುದು ಕಪ್ಪಿನ ನಿಯಮ. ಶಾಲೆಯಲ್ಲಿ ಬರೆಸಿದ ವಯಸ್ಸಿನಂತೆ ಬನಪ್ಪ ಅದನ್ನು ದಾಟಿದ್ದ. ನಿಜಕ್ಕೂ ಅವನಿಗೆ ಇಪ್ಪತ್ತೊಂದೇ. ಆಗೆಲ್ಲ ಹುಟ್ಟಿದ ದಿನವನ್ನು ಯಾರೂ ಬರೆದಿಡುತ್ತಿರಲಿಲ್ಲ. ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿದರೆ ಮಗುವಿಗೆ ಆರು ವರ್ಷ ಎಂದು ಮಾಸ್ತರರು ಬರೆದುಕೊಳ್ಳುತ್ತಿದ್ದರು. ಬನಪ್ಪನ ಉದ್ದ ಕೈ ನಾಲ್ಕಕ್ಕೇ ಕಿವಿ ಮುಟ್ಟಿತ್ತು.

ಪಂದ್ಯದ ಸಮಿತಿಯವರು ಅಂದು ಅವನ ವಯಸ್ಸು ಬರೆದುಕೊಂಡಿದ್ದ ವೆಂಕೋಬ ಮಾಸ್ತರರನ್ನೇ ಕರೆಸಿದರು. ಬನಪ್ಪನ ಅಂಗೈ ಬೆವರಿ ನನ್ನ ರೇಷ್ಮೆ ಒದ್ದೆಯಾಗಿತ್ತು. ಅಂದಾಜು ತಪ್ಪಿತ್ತು ಎಂದು ಮುದುಕ ಒಂದು ಮಾತು ಅಂದಿದ್ದರೆ ಸಾಕಿತ್ತು.

“ಕಿವಿ ಮುಟ್ಟಿತ್ತರೀ. ಮುಟ್ಟಿದ ಮ್ಯಾಲ ಆರ ವರ್ಷ ಆದಂಗ,” ಎಂದರು. “ಅರ್ಧ ಊರಿನ ವಯಸ್ಸು ನಾ ಹಿಂಗ ಬರದೀನಿ. ಇದೊಂದು ತಪ್ಪು ಅಂದ್ರ ಎಲ್ಲಾ ತಪ್ಪಾಗತಾವ.”

ಸಮಿತಿಯವರು ಮುಖ ಮುಖ ನೋಡಿಕೊಂಡರು. ಅವರ ನೌಕರಿಯೂ ಪಿಂಚಣಿಯೂ ಅಂಥದೇ ಕಿವಿಯ ಮೇಲೆ ನಿಂತಿದ್ದವು. ಕಪ್ಪು ಆಚೆ ಹೋಯಿತು. ನೌಕರಿ ಆಚೆಯ ನಾಯಕ ಶಿವಪುತ್ರನಿಗೆ ಹೋಯಿತು. ಅವನು ಗಿಡ್ಡ ಕೈಯವನು. ಕಿವಿ ಮುಟ್ಟುವಷ್ಟರಲ್ಲಿ ಎಂಟು ತುಂಬಿತ್ತಂತೆ. ಬನಪ್ಪನಿಗಿಂತ ಹಿರಿಯ, ಬರೆಸಿದ ಲೆಕ್ಕದಲ್ಲಿ ಕಿರಿಯ. ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ನಮ್ಮ ಕಾಲೇಜಿನವರೂ ಬನಪ್ಪನನ್ನು ಕಳ್ಳ ಎಂದು ಆಡಿಕೊಂಡರು. ಅವನು ಓದು ಬಿಟ್ಟು ಮಗ್ಗಕ್ಕೆ ಕೂತ. ಮಗ್ಗದ ಒಂದು ಕಂಬ ಅಲುಗಾಡುತ್ತಿತ್ತು. ಒಂದು ದಿನ ಗರಗಸ ತಂದು ನನ್ನನ್ನು ಎರಡು ತುಂಡು ಮಾಡಿ, ಮೂತಿಯ ತುಂಡನ್ನು ಕಂಬದ ಬುಡಕ್ಕೆ ಬೆಣೆಯಾಗಿ ಬಡಿದ. ಬಡಿಯುತ್ತ ಅತ್ತ. ರೇಷ್ಮೆ ಸುತ್ತಿದ ಹಿಡಿಕೆಯನ್ನು ಅವ್ವ ಎತ್ತಿ ದೇವರ ಜಗಲಿಯ ಮೇಲಿಟ್ಟಳು. ಅವಳು ಹೋದಮೇಲೆ ಅದೂ ಎಲ್ಲೋ ಹೋಯಿತು.

ಈಗ ನನಗೆ ಹುಳು ಹಿಡಿದಿದೆ. ಮೊನ್ನೆ ಬನಪ್ಪನ ಹೆಂಡತಿ ಮಗನ ಕೈಯನ್ನು ತಲೆಯ ಮೇಲಿಂದ ಹಾಯಿಸಿ, “ನೋಡ್ರಿ, ಕಿವಿ ಮುಟ್ಟತೈತಿ. ಸಾಲಿಗೆ ಹಾಕೂಣು,” ಎಂದು ಹಿಗ್ಗಿದಳು. ಹುಡುಗನಿಗೂ ಅಪ್ಪನದೇ ಕೈ. ಬನಪ್ಪ ಲಾಳಿ ಬಿಟ್ಟು ಎದ್ದು ಬಂದ. ಮಗನ ಕೈಯನ್ನು ಮೆಲ್ಲಗೆ ಇಳಿಸಿ ಹಿಡಿದುಕೊಂಡ.

“ಬ್ಯಾಡ. ಇವಂಗಿನ್ನೂ ನಾಕ ವರ್ಷ,” ಎಂದ. “ಆಡಕೋತ ಇರ್ಲಿ.”

ಆಡು ಎಂದದ್ದೇ ತಡ, ಹುಡುಗ ಮಗ್ಗದ ಕೆಳಗೆ ಕೈ ಚಾಚಿ ನನ್ನ ಮೂತಿ ಹಿಡಿದ. ಅದೇ ಹಿಡಿತ. ಎಳೆದ, ಮತ್ತೆ ಎಳೆದ. ಹೋಗಬೇಕೆಂದು ನನಗೂ ಬಹಳ ಆಸೆಯಾಯಿತು. ಆದರೆ ಇಡೀ ಮಗ್ಗ ನನ್ನ ಮೇಲೆ ನಿಂತಿತ್ತು.