ಮೂರು ಉದ್ಧರಣೆ ಗೋಮೂತ್ರ

ಗಂಗಾಬಾಯಿಗೆ ಸೊಸೆಯ ಸೈಕಲ್ಲಿನ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ತುಳಿಯದೆ ಓಡುವ ಸೈಕಲ್ಲು, ಪೆಟ್ರೋಲು ಕೇಳದ ಗಾಡಿ, ಹಿಂದೆ ಬಂದು ನಿಂತರೂ ಸಪ್ಪಳವಿಲ್ಲ. ಇಂಥದ್ದರ ಮೇಲೆ ಮನೆಯ ಹೆಣ್ಣುಮಗಳು ಹೊಸಪೇಟೆಯಿಂದ ಕಮಲಾಪುರದ ತನಕ ದಿನಾ ಹೋಗಿ ಬರುವುದೆಂದರೆ ಅವಳಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ಆದರೆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದದ್ದು ಅಡುಗೆಮನೆಯ ಹೊಸ್ತಿಲ ಒಳಗೆ ಮಾತ್ರ.

ಸೈಕಲ್ಲು ಕಟ್ಟಿದವನು ಮಗ ವಾದಿರಾಜ. ಸಂಡೂರಿನ ಗಣಿ ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ಹೆಂಡತಿ ಅರ್ಚಿತಾಗೆ ಕಮಲಾಪುರದ ಶಾಲೆಯಲ್ಲಿ ಗಣಿತದ ಮೇಷ್ಟ್ರಿಕೆ ಸಿಕ್ಕಾಗ ಒಂದು ಸ್ಕೂಟರ್ ಕೊಡಿಸೋಣವೆಂದು ಶೋರೂಮಿಗೆ ಹೋಗಿ, ಬೆಲೆ ಕೇಳಿ, ಅಲ್ಲಿ ಕೊಟ್ಟ ಕಾಫಿ ಕುಡಿದು ವಾಪಸು ಬಂದ. ಮರುದಿನವೇ ಅಟ್ಟದ ಮೇಲಿದ್ದ ಅಪ್ಪನ ಹಳೆಯ ಸೈಕಲ್ಲು ಕೆಳಗಿಳಿಯಿತು. ಹಿಂದಿನ ಚಕ್ರಕ್ಕೆ ಯಾರೋ ಬಳಸಿ ಬಿಟ್ಟ ಮೋಟರು ಕೂತಿತು. ಬ್ಯಾಟರಿ ಇಡುವುದಕ್ಕೆ ಗಂಗಾಬಾಯಿಯ ಅವಲಕ್ಕಿ ಡಬ್ಬಿಯೇ ಹೋಯಿತು. ಅದರೊಳಗೆ ಹಳೆಯ ಟ್ಯೂಬು ಕತ್ತರಿಸಿ ಅಂಟಿಸಿ, ಕ್ಯಾರಿಯರ್ ಮೇಲೆ ಬೋಲ್ಟು ಹಾಕಿ ಬಿಗಿದ. ಅವಲಕ್ಕಿ ಅಂದಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಮೆತ್ತಗಾಗುತ್ತ ಕೂತಿತ್ತು.

ಮೊದಲು ಹಾಕಿದ್ದು ಕಲ್ಲಿನಷ್ಟು ಭಾರದ ಬ್ಯಾಟರಿಗಳು. ಹೋಗುವಾಗ ಏನೋ ಹೋಗುತ್ತಿದ್ದವು, ಬರುವಾಗ ಅನಂತಶಯನಗುಡಿ ಬರುವಷ್ಟರಲ್ಲಿ ಉಸಿರು ಬಿಡುತ್ತಿದ್ದವು. ಅರ್ಚಿತಾ ಅಷ್ಟು ಭಾರದ ಸೈಕಲ್ಲು ನೂಕಿಕೊಂಡು, ಬೆವರಿಳಿಸಿಕೊಂಡು ಮನೆ ಸೇರುತ್ತಿದ್ದಳು. ಅದಕ್ಕೇ ಈ ಸಲ ವಾದಿರಾಜ ಹಗುರವಾದ ಲಿಥಿಯಂ ಸೆಲ್ಲುಗಳ ಬೆನ್ನು ಬಿದ್ದ. ಹೊಸವು ಕೈಗೆಟುಕುವ ಮಾತಲ್ಲ. ಕಂಪ್ಲಿಯಲ್ಲಿ ಗುಜರಿ ಅಂಗಡಿ ಇಟ್ಟಿದ್ದ ಗೆಳೆಯ ಕನಕರಾಜ್ ಹಳೆಯ ಗಾಡಿಯೊಂದರಿಂದ ತೆಗೆದುಕೊಟ್ಟ. ವಾದಿರಾಜ ಒಂದೊಂದನ್ನೂ ಅಳೆದು ನೋಡಿ, ಜೋಡಿಸಿ, ಡಬ್ಬಿಯಲ್ಲಿ ಕೂಡಿಸಿದ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಕೆಟ್ಟದ್ದು ಒಂದು ಫೋನಿನ ಮಾತಿನಿಂದ. ವಾದಿರಾಜ ಕಟ್ಟೆಯ ಮೇಲೆ ಕೂತು ಕನಕರಾಜನ ಜೊತೆ ಜೋರಾಗಿ ಮಾತಾಡುತ್ತಿದ್ದ.

"ಹೌದೋ ಮಾರಾಯಾ, ಡೆಡ್ ಬಾಡಿ ಗಾಡಿದಾದ್ರ ಏನಾತು? ಸೆಲ್ ಮಸ್ತ್ ಅದಾವ!"

ಒಳಗೆ ತುಳಸಿ ಬಿಡಿಸುತ್ತಿದ್ದ ಗಂಗಾಬಾಯಿಯ ಕೈ ನಿಂತುಹೋಯಿತು. ಅವಳಿಗೆ ಇಂಗ್ಲಿಷ್ ಬಾರದಿದ್ದರೂ ಆ ಎರಡು ಶಬ್ದ ಯಾರಿಗೆ ಗೊತ್ತಿಲ್ಲ? ಆಸ್ಪತ್ರೆಯ ಹಿಂದಿನ ಬಾಗಿಲಿನಿಂದ ಹೊರಡುವ ಗಾಡಿ ಕಣ್ಣ ಮುಂದೆ ಬಂತು. ಹೆಣ ಹೊತ್ತ ಗಾಡಿಯ ಬ್ಯಾಟರಿ! ಅದರ ಮುಂದೆಯೇ ಅರ್ಚಿತಾ ಕೂರಬೇಕು, ಅದರ ಬಲದಿಂದಲೇ ಓಡಾಡಬೇಕು. ಮಗನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಆಮೇಲೆ ವರ್ಕ್‌ಶಾಪಿನಲ್ಲೆಲ್ಲ ಹೇಳಿಕೊಂಡು ನಗಿಸುತ್ತಾನೆ. ಹೋದ ಸಲ ಫ್ರಿಜ್ಜಿಗೆ ಮಡಿನೀರು ಚಿಮುಕಿಸಿದ್ದ ಕಥೆ ಇನ್ನೂ ಸಂಡೂರಿನಲ್ಲಿ ಓಡಾಡುತ್ತಿತ್ತು.

ಹಾಗಾಗಿ ಯಾರಿಗೂ ಹೇಳದೆ ತನಗೆ ತಿಳಿದ ಉಪಾಯ ಮಾಡಿದಳು. ನಿನ್ನೆ ಸಂಜೆ ವಾದಿರಾಜ ಡಬ್ಬಿಯ ಮುಚ್ಚಳ ತೆಗೆದಿಟ್ಟು, ಅಂಟು ತರಲು ಬಜಾರಿಗೆ ಹೋಗಿದ್ದ. ಅರ್ಚಿತಾ ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗಂಗಾಬಾಯಿ ಪೂಜೆಯ ಪಂಚಪಾತ್ರೆಯಲ್ಲಿ ಗೋಮೂತ್ರ ತಂದು, ತೀರ್ಥ ಹಾಕುವ ಉದ್ಧರಣೆಯಿಂದ ಒಂದು, ಎರಡು, ಮೂರು ಸಲ ಆ ಸೆಲ್ಲುಗಳ ಸಂದಿಯಲ್ಲಿ ಬಿಟ್ಟು, ಕಣ್ಣು ಮುಚ್ಚಿ ಕೈ ಮುಗಿದಳು. ಮನಸ್ಸು ಹಗುರಾಯಿತು. ವಾದಿರಾಜ ಬಂದು ಅಂಟು ಬಳಿದು ಮುಚ್ಚಳ ಬಿಗಿದ. ವಾಸನೆ ಬಂದಿದ್ದರೂ ಬಂದಿರಬೇಕು, ಆದರೆ ಆ ಮನೆಯಲ್ಲಿ ಗೋಮೂತ್ರದ ವಾಸನೆ ಹೊಸದೇನಲ್ಲ.

ಇಂದು ಬೆಳಿಗ್ಗೆ ಅರ್ಚಿತಾ ಹೊಸ ಬ್ಯಾಟರಿಯ ಮೇಲೆ ಮೊದಲ ಸಲ ಹೊರಟಳು. ರಾತ್ರಿ ಕರೆಂಟು ಹೋಗಿದ್ದರಿಂದ ಚಾರ್ಜು ಅರ್ಧವೇ ಆಗಿತ್ತು.

"ಉಳದದ್ದು ಸಾಲ್ಯಾಗ ಹಚ್ಚಿಕೋತೀನಿ. ಹೋಗಿ ಬರ್ತೀನಿ ಅತ್ತೀ," ಎಂದು ಚಾರ್ಜರನ್ನು ಬ್ಯಾಗಿಗೆ ತುರುಕಿಕೊಂಡು ಓಣಿ ತಿರುಗಿದಳು.

ಸ್ವಲ್ಪ ಹೊತ್ತಿಗೆ ಸಂಡೂರಿನ ಬಸ್ಸಿಗೆ ಹೊರಟ ವಾದಿರಾಜನನ್ನು ಪಕ್ಕದ ಮನೆಯ ದುರ್ಗಕ್ಕ ಬಾಗಿಲಲ್ಲೇ ಹಿಡಿದಳು. ಅವಳಿಗೆ ತನ್ನ ಮಗನಿಗೂ ಒಂದು ಇಂಥ ಸೈಕಲ್ಲು ಮಾಡಿಸಬೇಕಿತ್ತು.

"ಮಳಿ ಬಂದ್ರ ಹೆಂಗೋ ವಾದಿ?"

"ಹನಿ ನೀರು ಒಳಗ ಹೋಗೂದಿಲ್ಲ ದುರ್ಗಕ್ಕ, ಹಂಗ ಅಂಟು ಹಚ್ಚೀನಿ. ಹೋಗಲೂಬಾರ್ದು. ಇದು ಹಳೀ ಬ್ಯಾಟರಿ ಅಲ್ಲ, ಲಿಥಿಯಂ. ಒಳಗ ನೀರು ಹೋತು ಅಂದ್ರ, ಅದ್ರಾಗೂ ಉಪ್ಪಿನಂಶದ ನೀರು ಹೋತು ಅಂದ್ರ, ಶಾರ್ಟ್ ಆಗ್ತದ. ಚಾರ್ಜಿಗೆ ಹಚ್ಚಿದಾಗಂತೂ ಕೇಳಬ್ಯಾಡ. ಬೆಂಕಿ ಹತ್ತಿದ್ರ ನೀರು ಹಾಕಿದ್ರೂ ಆರೂದಿಲ್ಲ."

"ಅವ್ವಯ್ಯ! ಹಂಗಾದ್ರ ನಮಗ ಬ್ಯಾಡಪಾ," ಎಂದಳು ದುರ್ಗಕ್ಕ. ವಾದಿರಾಜ ನಕ್ಕು ಬಸ್‌ಸ್ಟ್ಯಾಂಡಿನ ದಾರಿ ಹಿಡಿದ.

ಒಳಗೆ ಒಲೆಯ ಮುಂದೆ ನಿಂತಿದ್ದ ಗಂಗಾಬಾಯಿ ಇದನ್ನೆಲ್ಲ ಕೇಳಿ ಸೌಟು ಕೆಳಗಿಟ್ಟಳು. ಉಪ್ಪಿನಂಶದ ನೀರು. ಗೋಮೂತ್ರ ಉಪ್ಪಲ್ಲದೆ ಇನ್ನೇನು? ಮಗನನ್ನು ಕೂಗಬೇಕೆಂದು ಬಾಗಿಲಿಗೆ ಬಂದಳು. ಓಣಿಯಲ್ಲಿ ದುರ್ಗಕ್ಕ ಒಬ್ಬಳೇ ನಿಂತಿದ್ದಳು. "ಏನ್ರೀ ಗಂಗಾಬಾಯಾರ, ಮುಖ ಯಾಕ ಹಂಗಾಗ್ಯದ?" ಎಂದು ಕೇಳಿದವಳಿಗೆ ಏನೂ ಇಲ್ಲವೆಂದು ತಲೆಯಾಡಿಸಿ ಒಳಗೆ ಬಂದುಬಿಟ್ಟಳು. ಆ ಸುಳ್ಳಿಗೆ ತನ್ನನ್ನೇ ತಾನು ಬೈದುಕೊಂಡಳು.

ಫೋನು ಪಡಸಾಲೆಯ ಗೂಡಿನಲ್ಲಿತ್ತು. ಅವಳು ಮಡಿಯಲ್ಲಿದ್ದಳು, ದೇವರ ನೈವೇದ್ಯ ಇನ್ನೂ ಆಗಿರಲಿಲ್ಲ. ಹತ್ತು ಜನ ಮುಟ್ಟಿದ ಫೋನನ್ನು ಮಡಿಯಲ್ಲಿ ಮುಟ್ಟುವಂತಿಲ್ಲ. ಇಷ್ಟು ವರ್ಷದ ರೂಢಿ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಅಡುಗೆಮನೆಯ ಇಕ್ಕಳ ತಂದು ಅದರ ತುದಿಯಿಂದ ಅರ್ಚಿತಾಳ ಫೋಟೋ ಒತ್ತಿದಳು. ಫೋನು ಕಬ್ಬಿಣದ ಮಾತು ಕೇಳಲಿಲ್ಲ. ಎರಡನೆಯ ಸಲ ಒತ್ತಿದಾಗ ಗೂಡಿನಿಂದ ಜಾರಿ ಕೆಳಗೆ ಬಿತ್ತು. ಆಗ ಗಂಗಾಬಾಯಿ ಇಕ್ಕಳ ಬಿಸಾಡಿ ಫೋನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು.

ಅರ್ಚಿತಾ ಎತ್ತಲಿಲ್ಲ. ಗಾಡಿಯ ಮೇಲಿದ್ದಾಳೋ, ಕ್ಲಾಸಿನಲ್ಲಿದ್ದಾಳೋ, ಇಲ್ಲಾ... ಮುಂದಿನದನ್ನು ಯೋಚಿಸಲು ಅವಳಿಗೆ ಧೈರ್ಯವಾಗಲಿಲ್ಲ. ಮಗನಿಗೆ ಹಚ್ಚಿದಳು. ಅರ್ಚಿತಾಗೇ ಮತ್ತೆ ಮತ್ತೆ ಹಚ್ಚುವುದರಲ್ಲಿ ಹೊತ್ತು ಹೋಗಿ, ಅವನ ಬಸ್ಸು ಆಗಲೇ ಊರು ದಾಟಿತ್ತು; ಸಂಡೂರಿನ ದಾರಿಯಲ್ಲಿ ಗುಡ್ಡ ಶುರುವಾದರೆ ಫೋನು ಸತ್ತ ಹಾಗೆಯೇ. ಹೆಂಗಸೊಬ್ಬಳು ತಣ್ಣಗಿನ ದನಿಯಲ್ಲಿ ಸಂಪರ್ಕಕ್ಕೆ ಸಿಗುತ್ತಿಲ್ಲವೆಂದಳು. ಅವಳಿಗೇನು, ಎಲ್ಲರಿಗೂ ಅದನ್ನೇ ಹೇಳುವವಳು.

ಒಲೆ ಆರಿಸಿ, ಬಾಗಿಲೆಳೆದುಕೊಂಡು, ಮಡಿ ಸೀರೆಯಲ್ಲೇ, ಕಾಲಿಗೆ ಚಪ್ಪಲಿಯಿಲ್ಲದೆ ರಸ್ತೆಗೆ ಬಂದಳು. ಮೂಲೆಯಲ್ಲಿ ಹುಲುಗೇಶ ಆಟೋ ಒರೆಸುತ್ತಿದ್ದ.

"ಕಮಲಾಪುರಕ್ಕ ನಡಿಯಪಾ. ಜಲ್ದಿ."

"ಕುಂದ್ರಿ ಅಮ್ಮಾರ. ಏನಾತ್ರಿ? ಯಾರಿಗರ ಆರಾಮಿಲ್ಲೇನು?"

"ಇನ್ನೂ ಏನೂ ಆಗಿಲ್ಲ. ನೀ ಹೊಡಿ."

ಹುಲುಗೇಶ ಹೊಡೆದ. ಆಟೋ ಎಷ್ಟು ಓಡಿದರೂ ಅವಳಿಗೆ ನಿಂತೇ ಇದ್ದಂತೆ ಅನ್ನಿಸುತ್ತಿತ್ತು. ರಸ್ತೆಯ ಎರಡೂ ಬದಿ ಕಣ್ಣು ಬಿಟ್ಟು ಹುಡುಕಿದಳು. ನಿಂತ ಸೈಕಲ್ಲು ಕಂಡಲ್ಲೆಲ್ಲ ಆಟೋದಿಂದ ಹೊರಗೆ ಬಾಗಿ ನೋಡುತ್ತಿದ್ದಳು. ಪ್ರವಾಸಿಗಳ ಬಸ್ಸೊಂದು ಹಂಪಿಯ ಕಡೆಗೆ ಹಾಡು ಹಚ್ಚಿಕೊಂಡು ದಾಟಿಹೋಯಿತು. ಅದರ ಸಡಗರ ಕಂಡು ಸಿಟ್ಟು ಬಂತು. ಕಮಲಾಪುರ ಇನ್ನೂ ದೂರವಿರುವಾಗಲೇ ಬಾಳೆತೋಟದ ಆಚೆ ದಟ್ಟವಾದ ಹೊಗೆ ಕಾಣಿಸಿತು.

"ಹುಲುಗೇಶಾ, ನಿಲ್ಲಸೋ! ನಿಲ್ಲಸು!" ಎಂದು ಚೀರಿ ಅವನ ಅಂಗಿ ಹಿಡಿದೆಳೆದಳು.

"ಕಬ್ಬಿನ ರವದಿ ಸುಡಾಕತ್ತಾರ್ರೀ ಅಮ್ಮಾರ," ಎಂದ ಅವನು ಗಾಬರಿಯಾಗಿ. "ನೀವು ಹಿಂಗ ಜಗ್ಗಿದ್ರ ನಾವು ಹೊಲದಾಗ ಬೀಳ್ತೀವಿ."

ಹೌದು, ಕಟಾವಾದ ಕಬ್ಬಿನ ಗದ್ದೆಯ ಒಣಸೋಗೆ. ಒಬ್ಬ ಕೋಲು ಹಿಡಿದು ಬೆಂಕಿ ಕೆದಕುತ್ತ ನಿಂತಿದ್ದ. ಗಂಗಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅರ್ಚಿತಾ ಮದುವೆಯಾಗಿ ಬಂದ ಮೇಲೆ ಅವಳಿಗೆ ತಾನು ಒಂದು ಒಳ್ಳೆಯ ಮಾತು ಆಡಿದ್ದೇನೆಯೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಸಾರಿಗೆ ಉಪ್ಪು ಕಡಿಮೆ, ಕುಂಕುಮ ಸಣ್ಣದು, ತಲೆಗೂದಲು ಬಿಚ್ಚಿಕೊಂಡು ಓಡಾಡಬೇಡ. ಇಂಥವೇ ನೆನಪಾದವು.

ಶಾಲೆಯ ಗೇಟು ತೆರೆದಿತ್ತು. ಏಳನೆಯ ತರಗತಿಯ ಕಿಟಕಿಗೆ ಒತ್ತಿ, ವರಾಂಡದಲ್ಲಿ ಆ ಸೈಕಲ್ಲು ನಿಂತಿತ್ತು. ಡಬ್ಬಿಯಿಂದ ಹೊರಟ ವೈರು ಕಿಟಕಿಯ ಸರಳಿನ ನಡುವೆ ಒಳಗೆ ಹೋಗಿತ್ತು. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅರ್ಚಿತಾ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿದ್ದಳು. ಅವಳನ್ನು ಇಡಿಯಾಗಿ ಕಂಡದ್ದೇ ಗಂಗಾಬಾಯಿ ವರಾಂಡಕ್ಕೆ ಓಡಿ ಕೂಗಿದಳು.

"ಅರ್ಚಿತಾ! ಹುಡುಗ್ರನ್ನ ಹೊರಗ ಕಳಸು! ಆ ಬ್ಯಾಟ್ರ್ಯಾಗ ನಾ ಗೋಮೂತ್ರ ಹಾಕೀನಿ!"

ಮಗ್ಗಿ ನಿಂತಿತು. ಮರುಕ್ಷಣ ಇಡೀ ತರಗತಿ ಘೊಳ್ಳೆಂದು ನಕ್ಕಿತು. ಅರ್ಚಿತಾ ನಗಲಿಲ್ಲ. ಕಿಟಕಿಯಿಂದ ಕೈ ಚಾಚಿ ಡಬ್ಬಿಯನ್ನು ಮುಟ್ಟಿ, ಬಿಸಿ ತಾಗಿ ಕೈ ಹಿಂದೆಗೆದುಕೊಂಡಳು. ಪ್ಲಗ್ಗು ಕಿತ್ತಳು. ಆಚೆಯ ಬಾಗಿಲಿನಿಂದ ಮಕ್ಕಳನ್ನು ಓಡಿಸಿದಳು. ಆಮೇಲೆ ತಾನು ವರಾಂಡಕ್ಕೆ ಬಂದು ಸೈಕಲ್ಲಿನ ಹ್ಯಾಂಡಲ್ ಹಿಡಿದಳು.

"ಬಿಡು, ಅದನ್ನ ಬಿಡು! ಸುಡ್ಲಿ ಅದು!" ಗಂಗಾಬಾಯಿ ಅವಳ ತೋಳು ಹಿಡಿದಳು.

"ಇಲ್ಲೇ ಬಿಟ್ರ ಸಾಲಿ ಸುಡ್ತದ, ಅತ್ತೀ. ಹಿಂದಕ್ಕ ಸರೀರಿ."

ಡ್ರಿಲ್ ಮಾಸ್ತರ ಮಾರುತೇಶ್ ಸಪ್ಪಳ ಕೇಳಿ ಓಡಿ ಬಂದ. ಇಬ್ಬರೂ ಸೇರಿ ಸೈಕಲ್ಲನ್ನು ಮೈದಾನದ ಕೊನೆಗೆ ನೂಕಿಕೊಂಡು ಓಡಿದರು. ಗಂಗಾಬಾಯಿ ವರಾಂಡದ ಕಂಬ ಹಿಡಿದು ನಿಂತಳು. ಡಬ್ಬಿ ಅರ್ಚಿತಾಳ ಸೊಂಟದ ಪಕ್ಕದಲ್ಲೇ ಇತ್ತು. ಯಾವ ದೇವರ ಹೆಸರೂ ಬಾಯಿಗೆ ಬರಲಿಲ್ಲ. ಅವರು ಸೈಕಲ್ಲು ಕೆಡವಿ ಹಿಂದಿರುಗಿ ಓಡತೊಡಗಿದ ಮೇಲಷ್ಟೇ ಅವಳು ಕಂಬ ಬಿಟ್ಟಳು.

ಕೊಂಚ ಹೊತ್ತು ಏನೂ ಆಗಲಿಲ್ಲ. ಮಕ್ಕಳು ಮತ್ತೆ ನಗಲು ಶುರುಮಾಡಿದ್ದರು. ಅಷ್ಟರಲ್ಲಿ ಡಬ್ಬಿ ಕುಕ್ಕರಿನಂತೆ ಬುಸ್ಸೆಂದಿತು, ಬಿಳಿ ಹೊಗೆ ಎದ್ದಿತು, ಮುಚ್ಚಳ ಹಾರಿ ಬೆಂಕಿ ಆಳೆತ್ತರಕ್ಕೆ ಚಿಮ್ಮಿತು. ಸೀಟು, ಟೈರು, ವಾದಿರಾಜ ಎಷ್ಟೋ ಸಂಜೆ ಕೂತು ಸುತ್ತಿದ ವೈರು ಎಲ್ಲ ಹೊತ್ತಿಕೊಂಡವು. ಮಾರುತೇಶ್ ದೂರದಿಂದಲೇ ಮರಳು ಎಸೆದ. ಆಮೇಲೆ ಯಾರೂ ನಗಲಿಲ್ಲ.

ಅರ್ಚಿತಾ ಅತ್ತೆಯನ್ನು ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟಳು.

"ಗೋಮೂತ್ರ ಯಾಕ ಹಾಕಿದ್ರಿ ಅತ್ತೀ?"

"ಅದು ಹೆಣದ ಗಾಡಿದು. ವಾದೂ ಫೋನಿನ್ಯಾಗ ಡೆಡ್ ಬಾಡಿ ಅಂದದ್ದು ನಾನೇ ಕೇಳೀನಿ. ನಿನಗೇನರ ಆಗಬಾರ್ದಂತ ಹಾಕಿದೆ."

ಅರ್ಚಿತಾ ಕಣ್ಣು ಮುಚ್ಚಿಕೊಂಡಳು. "ಅಪಘಾತದಾಗ ಸ್ಕೂಟರಿನ ಬಾಡಿ ಪೂರಾ ಹೋಗಿತ್ತಂತ್ರಿ. ಗುಜರಿಯವರು ಅಂಥಾ ಗಾಡಿಗೆ ಡೆಡ್ ಬಾಡಿ ಅಂತಾರ. ಓಡಸಾಂವ ಆರಾಮ ಅದಾನ."

ಅಷ್ಟು ಹೊತ್ತಿಗೆ ಅರ್ಚಿತಾಳ ಫೋನು ಬಡಿದುಕೊಂಡಿತು. ಬಸ್ಸು ಸಂಡೂರು ಮುಟ್ಟಿತ್ತು, ಅಮ್ಮನ ಕರೆ ನೋಡಿ ಗಾಬರಿಯಾಗಿ ವಾದಿರಾಜ ಹೆಂಡತಿಗೆ ಹಚ್ಚಿದ್ದ. ಅರ್ಚಿತಾ ಒಮ್ಮೆ ಅತ್ತೆಯ ಮುಖ ನೋಡಿದಳು.

"ಏನಿಲ್ರೀ, ಬ್ಯಾಟರಿ ಸುಟ್ಟುಹೋತು. ಯಾರಿಗೂ ಏನೂ ಆಗಿಲ್ಲ. ಯಾಕಂತ ಗೊತ್ತಾಗವಲ್ದು. ಚಾರ್ಜಿಗೆ ಹಚ್ಚಿದ್ದೆ, ಅಷ್ಟ."

ಗಂಗಾಬಾಯಿ ತಲೆ ತಗ್ಗಿಸಿ ಕೂತಳು. ಸೊಸೆ ಕೊಟ್ಟ ಆ ಸುಳ್ಳು ಅವಳಿಗೆ ಬೇಕಾಗಿತ್ತು. ಮನೆಗೆ ಹೋಗಿ, ಸ್ನಾನ ಮಾಡಿ, ನೈವೇದ್ಯ ಮಾಡಿ ಎಂದಿನಂತೆ ಇದ್ದುಬಿಡಬಹುದಿತ್ತು. ಆದರೆ ಫೋನಿನಿಂದ ಮಗನ ದನಿ ಹೊರಗೂ ಕೇಳುತ್ತಿತ್ತು, ಅದು ಒಡೆದಿತ್ತು.

"ನಂದ ತಪ್ಪು ಅರ್ಚಿತಾ. ಎಲ್ಲೋ ಬೆಸುಗಿ ಸರಿ ಕುಂತಿಲ್ಲ. ಹಳೀ ಸೆಲ್ ಹಾಕಿ ನಿನ್ನ ನಾನೇ ಕೊಲ್ಲಾಂವಿದ್ದೆ. ಇನ್ನ ಮ್ಯಾಲೆ ನಾ ಏನೂ ಮಾಡೂದಿಲ್ಲ, ಸ್ಕ್ರೂಡ್ರೈವರ್ ಮುಟ್ಟೂದಿಲ್ಲ."

ಗಂಗಾಬಾಯಿ ಕೈ ಚಾಚಿ ಫೋನು ಇಸಿದುಕೊಂಡಳು.

"ವಾದೂ, ನಿನ್ನ ಬೆಸುಗಿ ಸರಿ ಅದ. ಅದನ್ನ ಸುಟ್ಟಾಕಿ ನಾನು." ಡೆಡ್ ಬಾಡಿಯಿಂದ ಹಿಡಿದು ಉದ್ಧರಣೆಯ ತನಕ, ಒಂದನ್ನೂ ಬಿಡದೆ ಹೇಳಿದಳು. ಮಕ್ಕಳು, ಮಾರುತೇಶ್, ಗೇಟಿನಲ್ಲಿ ನಿಂತಿದ್ದ ಹುಲುಗೇಶ ಎಲ್ಲರೂ ಕೇಳುತ್ತಿದ್ದರು.

ಅತ್ತ ಬಸ್‌ಸ್ಟ್ಯಾಂಡಿನ ಗದ್ದಲ ದೂರವಾಯಿತು; ವಾದಿರಾಜ ಒಂದು ಬದಿಗೆ ಸರಿದಿರಬೇಕು.

"ಅಮ್ಮಾ," ಎಂದ, "ನನ್ನ ಒಂದು ಮಾತು ಕೇಳಬೇಕಿತ್ತಲ್ಲ?"

"ಕೇಳಿದ್ರ ನೀ ನಗತಿದ್ದಿ," ಎಂದಳು ಗಂಗಾಬಾಯಿ.

ವಾದಿರಾಜ ಇಲ್ಲವೆನ್ನಲಿಲ್ಲ.